ಪಕ್ಕದ ಮೇಜಿನ ದೊಡ್ಡದು

ಸ್ವಲ್ಪ ಉದ್ದದ ಪೋಸ್ಟು. ಊಟದ ವಿಷಯ. ಪುರುಸೊತ್ತು ಮಾಡಿಕೊಂಡು ಓದಿ.

ಕಳೆದ ವಾರ ನಮ್ಮ ಆಫೀಸಿನ ಹಳೇ ವಾಟ್ಸಾಪ್ ಗ್ರೂಪಿಗೆ ನಾಲ್ಕು ಫೋಟೋ ಬಂದವು. ಕಳಿಸಿದ್ದು ನಿವೃತ್ತರಾದ ನಮ್ಮ ಹಿರಿಯ ಅಧಿಕಾರಿ. ಹೆಸರು ಬೇಡ, ಇಲಾಖೆಯೂ ಬೇಡ. 'ಸಾರ್' ಅಂತಲೇ ಇರಲಿ. ಅಂಥವರು ಎಲ್ಲ ಆಫೀಸಿನಲ್ಲೂ ಒಬ್ಬರು ಇದ್ದೇ ಇರ್ತಾರೆ. ಸಾರ್ ಈಗ ನ್ಯೂಯಾರ್ಕಿನಲ್ಲಿ ಮಗನ ಮನೆಯಲ್ಲಿದ್ದಾರೆ. ಮಗ ಅವರನ್ನು ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್ ಎಂಬ ಗಿಜಿಗುಡುವ ಬಡಾವಣೆಗೆ ಕರಕೊಂಡು ಹೋಗಿ, ರೂಸ್‌ವೆಲ್ಟ್ ಅವೆನ್ಯೂದಲ್ಲಿ ವೆನೆಜುವೆಲಾ ದೇಶದವರ ಒಂದು ಸಣ್ಣ ಹೋಟೆಲಿನಲ್ಲಿ ಊಟ ಹಾಕಿಸಿದ್ದಾನೆ. ತಲೆ ಮೇಲೆ ರೈಲು ಓಡುವ ಬೀದಿ ಅದು. ಕಿಟಕಿಯಾಚೆ ರೈಲು ಹಳಿಯ ಕಬ್ಬಿಣದ ಕಂಬ ಕಾಣ್ತಿತ್ತು. ಒಳಗೆ ಒತ್ತಾಗಿ ಹಾಕಿದ ಏಳೆಂಟು ಮೇಜು. ಸಾರ್, ಅಮ್ಮಾವ್ರು, ಮುಂದೆ ತಟ್ಟೆ, ಮುಖದ ತುಂಬಾ ನಗು.

ಕೆಳಗೆ ಸಾರ್ ಬರೆದಿದ್ದರು: ವೆನೆಜುವೆಲಾ ಊಟ, ಜೋಳದ ರೊಟ್ಟಿಯೊಳಗೆ ಕಪ್ಪು ಕಾಳು ಮತ್ತು ಚೀಸು, ಶುದ್ಧ ಸಸ್ಯಾಹಾರಿ, ಎಂಥ ಸರಳ ಜನ, ಎಂಥ ಆತಿಥ್ಯ. ಗ್ರೂಪಿನಲ್ಲಿ ಎಲ್ಲರೂ ಕೈ ಮುಗಿದರು. ನಾನೂ ಮುಗಿಯಲು ಹೋದವನು ಫೋಟೋ ದೊಡ್ಡದು ಮಾಡಿ ನೋಡಿದೆ.

ಪಕ್ಕದ ಮೇಜು ಕಾಣಿಸಿತು. ಸಾರ್ ಮೊಣಕೈಗೂ ಆ ಮೇಜಿಗೂ ಅರ್ಧ ಅಡಿ ಇಲ್ಲ. ಅಲ್ಲೊಬ್ಬ ಮನುಷ್ಯ ಊಟ ಮಾಡ್ತಿದ್ದಾನೆ. ತಟ್ಟೆಯಲ್ಲಿ ಬಿಳೀ ಅನ್ನ, ಕಪ್ಪು ಕಾಳು, ಕರಿದ ಬಾಳೆಹಣ್ಣಿನ ಹೋಳು, ಎಳೆ ಎಳೆಯಾಗಿ ಬಿಡಿಸಿದ ಬಾಡು. ಆ ತಟ್ಟೆಗೆ ಪಬೆಯೋನ್ ಅಂತ ಹೆಸರು, ವೆನೆಜುವೆಲಾದವರು ತಮ್ಮ ದೇಶದ ಊಟ ಅಂತ ಹೆಮ್ಮೆಯಿಂದ ಹೇಳಿಕೊಳ್ಳುವುದು ಅದನ್ನೇ. ಅದರಲ್ಲಿರುವ ಬಾಡು ದನದ್ದು. ನಮ್ಮ ಕೇರಿ ಮಾತಲ್ಲಿ ಹೇಳೋದಾದರೆ ದೊಡ್ಡದು.

ಅದರ ಪಕ್ಕದಲ್ಲಿ ಕೂತು ಸಾರ್ ನಗ್ತಾ ಇದ್ದಾರೆ.

ಈಗ ನಿಮಗೆ ನಮ್ಮ ಆಫೀಸಿನ ಊಟದ ಕೋಣೆಯ ಕಥೆ ಹೇಳಬೇಕು. ಹತ್ತು ಹದಿನೈದು ವರ್ಷದ ಹಿಂದಿನದು. ಯುಗಾದಿ ಕಳೆದು ಹೊಸತೊಡಕು ಮುಗಿದ ಮಾರನೇ ದಿನ. ನಮ್ಮ ಕಡೆ ಹೊಸತೊಡಕು ಅಂದರೆ ಗೊತ್ತಲ್ಲ, ತಿನ್ನುವವರ ಮನೆಯಲ್ಲೆಲ್ಲಾ ಬಾಡು. ಮಿಕ್ಕಿದ್ದು ಮಾರನೇ ದಿನ ಡಬ್ಬಿಗೆ. ಎದುರು ಮೇಜಿನ ಗೌಡ್ರು ಡಬ್ಬಿ ತೆಗೆದರು, ಕುರಿ ಬಾಡು. ಸಾರ್ ಆ ಕಡೆಯಿಂದ ನಗ್ತಾ, "ಏನ್ ಗೌಡ್ರೇ, ಹಬ್ಬ ಇನ್ನೂ ಮುಗಿದಿಲ್ವಾ?" ಅಂದರು. ಎಲ್ಲರೂ ನಕ್ಕರು. ನಾನು ನನ್ನ ಡಬ್ಬಿ ತೆಗೆದೆ. ನಮ್ಮವ್ವ ಕಟ್ಟಿಕೊಟ್ಟಿದ್ದ ಮುದ್ದೆ ಮತ್ತು ಬಾಡಿನ ಸಾರು. ಕೋಣೆ ಸುಮ್ಮನಾಯಿತು. ಯಾರೋ ಎದ್ದು ಕಿಟಕಿ ತೆಗೆದರು. ಸಾರ್ ಮೂಗಿಗೆ ಕರವಸ್ತ್ರ ಹಿಡಿದು ಕೇಳಿದರು, "ಏನಪ್ಪಾ, ದೊಡ್ಡದಾ?"

ನಾನು ಹೇಳಿದ್ದು: "ಇಲ್ಲ ಸಾರ್, ಕುರಿದು ಸಾರ್."

ನಿಜಕ್ಕೂ ಕುರಿದೇ. ಗೌಡ್ರ ಡಬ್ಬಿಯಲ್ಲಿದ್ದದ್ದೂ ಕುರಿ, ನನ್ನ ಡಬ್ಬಿಯಲ್ಲಿದ್ದದ್ದೂ ಕುರಿ. ಒಂದಕ್ಕೆ ತಮಾಷೆ, ಇನ್ನೊಂದಕ್ಕೆ ಕರವಸ್ತ್ರ. ಮರುದಿನದಿಂದ ಊಟದ ಕೋಣೆಗೆ ವಾಸನೆ ಬರೋ ಪದಾರ್ಥ ತರಬಾರದು ಅಂತ ಬಾಯಿಮಾತಿನ ಆರ್ಡರ್ ಆಯಿತು. ಗೌಡ್ರ ಡಬ್ಬಿ ಬರುತ್ತಲೇ ಇತ್ತು. ನಾನು ಮಾತ್ರ ಎರಡು ವರ್ಷ ರೆಕಾರ್ಡ್ ರೂಮಿನ ಹೊರಗೆ ಮೆಟ್ಟಿಲ ಮೇಲೆ ಕೂತು ಊಟ ಮಾಡಿದೆ. ಆಮೇಲೆ ಬೇರೆ ಕಡೆ ವರ್ಗ ಆಯಿತು.

ಆ ಮೆಟ್ಟಿಲಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ನನ್ನ ಆ ಉತ್ತರ. ಯಾಕೆ ಹಾಗಂದೆ? ದೊಡ್ಡದೇ ಆಗಿದ್ದರೆ ಏನಾಗ್ತಿತ್ತು? ನಮ್ಮಪ್ಪ ನಮ್ಮನ್ನು ಸಾಕಿದ್ದೇ ಅದರಲ್ಲಿ. ಬರಗಾಲದಲ್ಲಿ ನಮ್ಮ ಕೇರಿ ಉಳಿದದ್ದು ಬಿಸಿಲಿಗೆ ಹಗ್ಗ ಕಟ್ಟಿ ಒಣಗಿಸಿದ ಬಾಡಿನ ಮೇಲೆ. ಒಂದು ಕ್ಷಣದಲ್ಲಿ ನಾನು ಅದನ್ನೆಲ್ಲ 'ಇಲ್ಲ ಸಾರ್' ಅಂತ ಅಳಿಸಿಬಿಟ್ಟೆ. ಅವರು ನನ್ನನ್ನು ಅವಮಾನ ಮಾಡಿದರು ಅಂತ ಎಲ್ಲರಿಗೂ ಹೇಳಿಕೊಂಡಿದ್ದೇನೆ. ನಾನು ನಮ್ಮವ್ವನ ಒಲೆಯನ್ನು ಅವಮಾನ ಮಾಡಿದ್ದನ್ನು ಇವತ್ತೇ ಮೊದಲು ಬರೀತಿರೋದು.

ಅದಕ್ಕೇ ಆ ಫೋಟೋ ನನಗೆ ಅಷ್ಟು ಮುಖ್ಯ. ಹೇಸಿಗೆ ಮಾಂಸದ ಮೇಲಲ್ಲ, ತಿನ್ನುವವನ ಮೇಲೆ ಅಂತ ನಾವು ಹೇಳ್ತಾನೇ ಬಂದಿದ್ದೇವೆ. ಅವರು ಒಪ್ಪಲ್ಲ. ಹುಟ್ಟಿದಾಗಿಂದ ಬಂದ ಸಂಸ್ಕಾರ, ವಾಸನೆ ತಡೆಯೋಕಾಗಲ್ಲ, ವಾಂತಿ ಬರ್ತದೆ ಅಂತಾರೆ. ಈಗ ಸಾಕ್ಷಿ ಅವರೇ ಕಳಿಸಿದ್ದಾರೆ. ಅರ್ಧ ಅಡಿ ದೂರದಲ್ಲಿ ನಿಜವಾದ ದೊಡ್ಡದು. ಕರವಸ್ತ್ರ ಇಲ್ಲ, ಕಿಟಕಿ ತೆಗೆದಿಲ್ಲ, ವಾಂತಿ ಬಂದಿಲ್ಲ. ಕುರಿ ಬಾಡಿಗೆ ತಡೆಯದ ಮೂಗು ದನದ ಬಾಡಿಗೆ ಹೇಗೆ ತಡೀತು? ಮೂಗು ಅದೇ. ತಿನ್ನುವವನು ಬೇರೆ, ಅಷ್ಟೇ.

ಮೂರನೇ ಫೋಟೋದಲ್ಲಿ ಗೋಡೆಗೆ ಬರೆದ ತಿಂಡಿ ಪಟ್ಟಿ ಇತ್ತು. ರಾತ್ರಿ ಕೂತು ಒಂದೊಂದೇ ಹೆಸರು ಹುಡುಕಿ ಓದಿದೆ. ಅರೇಪಾ ಅಂದರೆ ಮೆಕ್ಕೆಜೋಳದ ಹಿಟ್ಟಿನ ದಪ್ಪ ರೊಟ್ಟಿ. ಬುದಾರೆ ಅನ್ನೋ ಹಂಚಿನ ಮೇಲೆ ಬೇಯಿಸಿ, ಹೊಟ್ಟೆ ಸೀಳಿ, ಒಳಗೆ ಬೇಕಾದ್ದು ತುಂಬ್ತಾರೆ. ಕಪ್ಪು ಕಾಳು ಮತ್ತು ಬಿಳೀ ಚೀಸು ತುಂಬಿದರೆ ದೊಮಿನೋ. ಸಾರ್ ತಿಂದದ್ದು ಅದೇ. ದನದ ಬಾಡು ಮತ್ತು ಹಳದಿ ಚೀಸು ತುಂಬಿದರೆ ಪೆಲೂವಾ, ಅಂದರೆ ಕೂದಲು ಕೆದರಿದವಳು. ಕೋಳಿ ಮತ್ತು ಬೆಣ್ಣೆಹಣ್ಣು ತುಂಬಿದ್ದಕ್ಕೆ ರೇಯ್ನಾ ಪೆಪಿಯಾದಾ. 1955ರಲ್ಲಿ ವಿಶ್ವಸುಂದರಿಯಾದ ವೆನೆಜುವೆಲಾದ ಸುಸಾನಾ ದುಯಿಮ್ ಅವರ ಗೌರವಕ್ಕೆ ಕರಾಕಸ್ ಪಟ್ಟಣದ ಒಂದು ಅರೇಪಾ ಅಂಗಡಿಯವರು ಇಟ್ಟ ಹೆಸರು. ಏನೂ ತುಂಬದ ಬರೀ ರೊಟ್ಟಿಗೆ ವಿಧವೆ ಅಂತಾರಂತೆ, ಅಲ್ಲೂ ಗಂಡಸರ ಕೊಂಕು ಕಡಿಮೆ ಇಲ್ಲ. ಕುಡಿಯೋಕೆ ಪಪೆಲೋನ್, ಬೆಲ್ಲಕ್ಕೆ ನಿಂಬೆಹುಳಿ ಹಿಂಡಿದ್ದು. ನಮ್ಮ ರಾಮನವಮಿ ಪಾನಕದ ತಮ್ಮನೇ.

ಗಮನಿಸಿ, ಆ ಪಟ್ಟಿಯಲ್ಲಿ ಕಾಳು, ಚೀಸು, ಕೋಳಿ, ದನ ಎಲ್ಲಾ ಅಕ್ಕಪಕ್ಕ. ಎಲ್ಲಾ ಊಟವೇ. ಒಂದು ಊಟ, ಇನ್ನೊಂದು 'ಊಟ ಅಲ್ಲದ್ದು' ಅಂತ ಇಲ್ಲ. ನಮ್ಮಲ್ಲಿ ಹೋಟೆಲ್ ಬೋರ್ಡು ನೋಡಿ. ಬಹುಪಾಲು ಜನ ತಿನ್ನುವ ಊಟಕ್ಕೆ ಸ್ವಂತ ಹೆಸರೇ ಇಲ್ಲ, 'ನಾನ್' ಅಂತ ಶುರು. ಸ್ವಲ್ಪ ಜನರ ಊಟ ಅಳತೆಗೋಲು, ಮಿಕ್ಕವರದ್ದು ಅದಕ್ಕೆ ಹೊರತಾದದ್ದು.

ಇನ್ನೊಂದು ಪಟ್ಟಿ ನೆನಪು ಮಾಡಿಕೊಳ್ಳಿ. 2024ರ ಡಿಸೆಂಬರ್, ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನ. ಮಳಿಗೆಯವರಿಗೆ ಕೊಟ್ಟ ನಿಯಮದಲ್ಲಿ ಮದ್ಯ, ತಂಬಾಕು, ಮಾಂಸಾಹಾರ ಒಂದೇ ಸಾಲಿನಲ್ಲಿದ್ದವು. ನಮ್ಮವ್ವ ಮಾಡೋ ಸಾರು ಬೀಡಿ, ಬ್ರಾಂದಿ ಜೊತೆಗೆ. ಬಾಡೂಟಕ್ಕಾಗಿ ಮಂಡ್ಯದ ಜನ ಬೀದಿಗಿಳಿದರು. ಕೊನೇ ದಿನ ಸಿಕ್ಕಿದ್ದು ಮೊಟ್ಟೆ. ಶಾಲೆ ಮಕ್ಕಳಿಗೆ ಮೊಟ್ಟೆ ಕೊಡಬೇಕಾದಾಗಲೂ ಮಠಗಳಿಂದ ಎಷ್ಟು ಕೂಗು ಎದ್ದಿತು ಅಂತ ಮರೆತಿಲ್ಲ ತಾನೆ? ಕ್ವೀನ್ಸ್‌ನ ಒಂದು ಸಣ್ಣ ಹೋಟೆಲ್ ಗೋಡೆ ಹೇಳೋದನ್ನು ಹೇಳೋಕೆ ಕನ್ನಡದ ಇಷ್ಟು ದೊಡ್ಡ ಹಬ್ಬಕ್ಕೆ ಆಗಲಿಲ್ಲ.

ಈಗ ಕೆಲವರು ಶುರು ಮಾಡ್ತಾರೆ, "ಅಲ್ಲಿಯ ಸಂಸ್ಕೃತಿ ಬೇರೆ, ಅಲ್ಲಿ ಮೇಲು ಕೀಳು ಇರಲಿಲ್ಲ" ಅಂತ. ಸುಳ್ಳು. ಅವರ ಚರಿತ್ರೆಯನ್ನೂ ಸ್ವಲ್ಪ ಕೇಳಿ.

ಮೆಕ್ಕೆಜೋಳ ಅಲ್ಲಿಯ ಮೂಲನಿವಾಸಿಗಳದ್ದು. ಅರೇಪಾ ಅನ್ನೋ ಹೆಸರೂ ಅವರ ಭಾಷೆಯಿಂದಲೇ ಬಂದದ್ದು. ಸ್ಪೇನಿನವರು ಬಂದರು, ಜೊತೆಗೆ ಗೋಧಿ ತಂದರು. ಚರ್ಚಿನಲ್ಲಿ ದೇವರ ಪ್ರಸಾದದ ರೊಟ್ಟಿ ಗೋಧಿಯದೇ ಆಗಬೇಕು, ಜೋಳದ್ದು ನಡೆಯಲ್ಲ. ಅಲ್ಲಿಗೆ ಗೋಧಿ ಮೇಲು, ಜೋಳ ಮತ್ತು ಮರಗೆಣಸು ಕೆಳಗಿನವರದ್ದು ಅಂತಾಯಿತು. ಅಕ್ಕಿ ಮೇಲು, ರಾಗಿ ಕೀಳು ಅಂತ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಕನಕದಾಸರು ರಾಮಧಾನ್ಯ ಚರಿತೆ ಬರೆದದ್ದು ಯಾವ ಜಗಳದ ಮೇಲೆ ಅಂತ ಗೊತ್ತಲ್ಲ.

ಕರಾಕಸ್‌ನ ಮೇಲಿನವರನ್ನು ಮಾಂತುವಾನೋ ಅಂತಿದ್ದರು. ಅವರ ಮನೆ ಹೆಂಗಸರು ಮಾತ್ರ ಒಂದು ಬಗೆಯ ಮೇಲುಹೊದಿಕೆ ಹೊದ್ದು ಚರ್ಚಿಗೆ ಬರಬಹುದಿತ್ತು, ಆ ಹೆಸರು ಬಂದದ್ದು ಆ ಹೊದಿಕೆಯಿಂದಲೇ. ಬೇರೆ ಹೆಂಗಸರು ಹೊದ್ದರೆ ಅಪರಾಧ. ವೆನೆಜುವೆಲಾದ ಸ್ವಾತಂತ್ರ್ಯಕ್ಕೆ ಹೋರಾಡಿದ ಫ್ರಾನ್ಸಿಸ್ಕೋ ಮಿರಾಂದಾ ಅವರ ಅಪ್ಪ ಬಟ್ಟೆ ವ್ಯಾಪಾರಿ. ಅಮ್ಮನ ಮನೆಯಲ್ಲಿ ಬ್ರೆಡ್ ಮಾಡಿ ಮಾರ್ತಿದ್ದರು. 1769ರಲ್ಲಿ ಆ ಅಪ್ಪ ಸೇನಾಪಡೆಯ ಕ್ಯಾಪ್ಟನ್ ಸಮವಸ್ತ್ರ ಹಾಕಿದ್ದಕ್ಕೆ ಮಾಂತುವಾನೋಗಳು ರಂಪ ಎಬ್ಬಿಸಿದರು. ಅಂಗಡಿಯವನಿಗೆ ಸಮವಸ್ತ್ರವಾ, ಬ್ರೆಡ್ ಮಾರುವವಳ ಗಂಡನಿಗೆ ಕೋಲಾ ಅಂತ. ಆ ಮನುಷ್ಯ ತನ್ನ ರಕ್ತ ಶುದ್ಧ ಅಂತ ಕಾಗದ ಪತ್ರ ಹೊಂದಿಸಿ ತೋರಿಸಬೇಕಾಯಿತು. ಸ್ಪೇನಿನ ರಾಜನ ತನಕ ಹೋಯಿತು ವಿಷಯ. ಗಮನಿಸಿ, ಆತ ಬಿಳಿಯನೇ. ಬಿಳಿಯರ ಒಳಗೇ ಇಷ್ಟಿದ್ದ ಮೇಲೆ, ಕೆಳಗಿದ್ದ ಕಪ್ಪು ಜನರ ಪಾಡು ನೀವೇ ಊಹಿಸಿ. 1795ರಲ್ಲಿ, ಮಿಶ್ರ ಜನಾಂಗದವರು ಹಣ ಕಟ್ಟಿದರೆ ಬಿಳಿಯರ ಹಕ್ಕು ಪಡೆಯಬಹುದು ಅಂತ ರಾಜ ಆದೇಶ ಹೊರಡಿಸಿದ. ಕರಾಕಸ್‌ನ ನಗರಸಭೆ ಉರಿದುಬಿತ್ತು. ಮೀಸಲಾತಿ ಅಂದ ಕೂಡಲೇ ನಮ್ಮಲ್ಲಿ ಬೀಳೋ ಉರಿಯ ಹಾಗೇ. ಗುಲಾಮಗಿರಿ ಹೋದದ್ದು 1854ರಲ್ಲಿ.

ಇಂಗ್ಲಿಷಿನವರು ನಮ್ಮ ಜಾತಿಗೆ ಹೇಳುವ 'ಕ್ಯಾಸ್ಟ್' ಪದ ಕೂಡ ಅದೇ ಹಡಗುಗಳ ಸರಕು. ಪೋರ್ಚುಗೀಸರು, ಸ್ಪೇನಿನವರು ಆಡುತ್ತಿದ್ದ 'ಕಾಸ್ತಾ' ಅದು. ಒಂದು ಹಡಗು ಆ ಕಡೆ ಹೋಯಿತು, ಇನ್ನೊಂದು ಈ ಕಡೆ ಬಂತು.

ಅರೇಪಾದ ಬೆವರು ಯಾರದ್ದು ಅನ್ನೋದನ್ನೂ ಕೇಳಬೇಕು. ಮೊದಲೆಲ್ಲ ಜೋಳವನ್ನು ಮರದ ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿ, ಬೇಯಿಸಿ, ಅರೆದು ಹಿಟ್ಟು ಮಾಡಬೇಕಿತ್ತು. ಬೆಳಗ್ಗೆ ರೊಟ್ಟಿ ಬೇಕು ಅಂದರೆ ಹಿಂದಿನ ದಿನವೇ ಯಾವಳೋ ಕುಟ್ಟಬೇಕು. 1960ರಲ್ಲಿ ಹರಿನಾ ಪಾನ್ ಎಂಬ ಮೊದಲೇ ಬೇಯಿಸಿದ ಹಿಟ್ಟು ಪ್ಯಾಕೆಟ್ಟಿನಲ್ಲಿ ಬಂತು. ಅಲ್ಲಿಂದ ನೀರು, ಉಪ್ಪು ಹಾಕಿ ಕಲಸಿದರೆ ಆಯಿತು. ಆ ಪ್ಯಾಕೆಟ್ಟು ಬಂದದ್ದರಿಂದಲೇ ಇವತ್ತು ನ್ಯೂಯಾರ್ಕಿನಲ್ಲೂ ಅರೇಪಾ ಸುಲಭ. ಆದರೆ ಒನಕೆ ಹಿಡಿದ ಕೈಗಳ ಹೆಸರು ಯಾವ ಪ್ಯಾಕೆಟ್ಟಿನ ಮೇಲೂ ಇಲ್ಲ. 2023 ಸಿರಿಧಾನ್ಯ ವರ್ಷ ಅಂತ ನಮ್ಮಲ್ಲೂ ಜಾತ್ರೆ ಆಯಿತಲ್ಲ? ರಾಗಿ ದೊಡ್ಡ ಹೋಟೆಲ್ ತಟ್ಟೆಗೆ ಹತ್ತಿತು. ರಾಗಿ ಬೀಸಿದವಳು ಎಲ್ಲಿಗೆ ಹತ್ತಿದಳು?

ಹೀಗೆ ಮೇಲು ಕೀಳಿನ ಕೆಸರಿನಿಂದಲೇ ಎದ್ದು ಬಂದ ಊಟ ಅದು. ಅಲ್ಲಿ ಎಲ್ಲಾ ಸರಿಹೋಗಿದೆ ಅಂತ ನಾನು ಹೇಳ್ತಿಲ್ಲ. ಆದರೆ ಪಬೆಯೋನ್ ತಟ್ಟೆಯಲ್ಲಿ ಮೂಲನಿವಾಸಿಯ ಕಾಳು, ಹಡಗಿನಲ್ಲಿ ಬಂದ ಅಕ್ಕಿ, ಬಾಳೆ, ದನ ಎಲ್ಲಾ ಪಕ್ಕಪಕ್ಕದಲ್ಲಿವೆ. ಅದನ್ನು ದೇಶದ ಊಟ ಅಂತ ಒಪ್ಪಿಕೊಳ್ಳೋ ಧೈರ್ಯವನ್ನಾದರೂ ಅವರು ಮಾಡಿದರು. ನಮ್ಮಲ್ಲಿ 2020ರ ಕಾಯ್ದೆ ಪ್ರಕಾರ ಅದೇ ದನಕ್ಕೆ 3ರಿಂದ 7 ವರ್ಷ ಜೈಲು.

ಆ ಬೀದಿಯ ಕಥೆ ಇನ್ನೂ ಚೆನ್ನಾಗಿದೆ. ಜಾಕ್ಸನ್ ಹೈಟ್ಸ್ ಮೊದಲಿಂದ ಹೀಗೆ ಎಲ್ಲರ ಬೀದಿ ಆಗಿರಲಿಲ್ಲ. 1910ರ ದಶಕದಿಂದ ಒಂದು ಕಂಪನಿ ಅದನ್ನು ಕಟ್ಟಿದ್ದೇ ಬಿಳಿಯ ಪ್ರೊಟೆಸ್ಟೆಂಟರಿಗಾಗಿ. ಕಪ್ಪು ಜನರಿಗೆ ಇಲ್ಲ, ಯಹೂದಿಗಳಿಗೆ ಇಲ್ಲ. ನಮ್ಮ ಮಾತಲ್ಲಿ ಹೇಳೋದಾದರೆ ಅಗ್ರಹಾರ. ಅದು ತೆರೆದುಕೊಂಡದ್ದು ಯಾರದೋ ಒಳ್ಳೇ ಮನಸ್ಸಿನಿಂದ ಅಷ್ಟೇ ಅಲ್ಲ. 1964ರ ನಾಗರಿಕ ಹಕ್ಕು ಕಾಯ್ದೆ, 1965ರ ವಲಸೆ ಕಾಯ್ದೆ, 1968ರ ವಸತಿ ಕಾಯ್ದೆ ಬಂದವು. ಅವುಗಳ ಹಿಂದೆ ಕಪ್ಪು ಜನರ ರಕ್ತ ಹರಿದಿದೆ. ಇವತ್ತು ಅಲ್ಲಿ 74ನೇ ಬೀದಿಯಲ್ಲಿ ಭಾರತದವರ ಸೀರೆ, ಚಿನ್ನ, ಸಾಂಬಾರ ಪುಡಿ ಅಂಗಡಿ. ಪಕ್ಕದ ರೂಸ್‌ವೆಲ್ಟ್ ಅವೆನ್ಯೂದಲ್ಲಿ ದಕ್ಷಿಣ ಅಮೆರಿಕದವರ ಊಟ. ಸಾರ್ ಮಗನಿಗೆ ಆ ದೇಶದ ಬಾಗಿಲು ತೆಗೆದದ್ದೂ ಅದೇ ಕಪ್ಪು ಜನರ ಹೋರಾಟ.

ಆ ಬಾಗಿಲು ದಾಟಿ ಹೋದ ನಮ್ಮವರು ಅಲ್ಲಿ ಏನು ಮಾಡಿದರು? 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯ ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆಯೂ ಮಸೂದೆ ಪಾಸು ಮಾಡಿತು. ಅದರ ವಿರುದ್ಧ ಬೊಬ್ಬೆ ಹಾಕಿದ್ದು ಅಲ್ಲಿರುವ ಭಾರತೀಯರ ಸಂಘಟನೆಗಳೇ. ಅಕ್ಟೋಬರಿನಲ್ಲಿ ಗವರ್ನರ್ ಅದಕ್ಕೆ ಸಹಿ ಹಾಕದೆ ವಾಪಸ್ ಕಳಿಸಿದರು. ಸಾರ್ ಮಗ ಆ ಗುಂಪಲ್ಲಿದ್ದ ಅಂತ ನಾನು ಹೇಳಲ್ಲ, ಆ ಹುಡುಗ ನನಗೆ ಗೊತ್ತಿಲ್ಲ. ಆದರೆ ಕಾಯ್ದೆ ತೆರೆದ ಬಾಗಿಲಿಂದ ಒಳಗೆ ಹೋದವರು, ಹಿಂದೆ ಬರೋನಿಗೆ ಕಾಯ್ದೆ ಬೇಡ ಅಂದರೆ ಅದಕ್ಕೆ ಏನಂತೀರಿ?

ಇದೇ ನ್ಯೂಯಾರ್ಕಿಗೆ 1913ರಲ್ಲಿ ಬಾಬಾಸಾಹೇಬರು ಓದೋಕೆ ಹೋಗಿದ್ದರು. ಯೂರೋಪು, ಅಮೆರಿಕದಲ್ಲಿ ಕಳೆದ ವರ್ಷಗಳಲ್ಲಿ ತಾನು ಅಸ್ಪೃಶ್ಯ ಅನ್ನೋದೇ ಮರೆತುಹೋಗಿತ್ತು ಅಂತ ಅವರು ಮುಂದೆ ಬರೆದರು. ವಾಪಸ್ ಬಂದ ಮೇಲೆ ಬರೋಡಾ ನೆನಪು ಮಾಡಿಸಿತು, ತಲೆ ಮೇಲೊಂದು ಸೂರು ಸಿಗಲಿಲ್ಲ. ಆ ಊರು ಬಾಬಾಸಾಹೇಬರಿಗೆ ಮರೆಸಿದ್ದು ಅವರ ಮೇಲೆ ಹೊರಿಸಿದ್ದ ಕಳಂಕ. ಸಾರ್‌ಗೆ ಮರೆಸಿದ್ದು ಅವರು ನಮ್ಮ ಮೇಲೆ ಇಟ್ಟಿದ್ದ ಹೇಸಿಗೆ. ವಿಮಾನದಿಂದ ಇಳಿದ ಕೂಡಲೇ ಎರಡೂ ವಾಪಸ್.

ಇನ್ನೊಂದು ಮಾತು. ಎರಡು ದಿನ ಬಿಟ್ಟು ಅದೇ ಗ್ರೂಪಿಗೆ ಸಾರ್ ಒಂದು ಫಾರ್ವರ್ಡ್ ಕಳಿಸಿದರು. ಅಮೆರಿಕದಿಂದ ಅಕ್ರಮ ವಲಸಿಗರನ್ನೆಲ್ಲ ಓಡಿಸ್ತಿರೋದು ಒಳ್ಳೇದೇ ಆಯಿತು ಅನ್ನೋ ಅರ್ಥದ್ದು. ಹಸಿವು, ಬೆಲೆಯೇರಿಕೆ, ದಬ್ಬಾಳಿಕೆ ತಾಳಲಾರದೆ 75 ಲಕ್ಷಕ್ಕೂ ಹೆಚ್ಚು ಜನ ವೆನೆಜುವೆಲಾ ಬಿಟ್ಟಿದ್ದಾರೆ. ಅಮೆರಿಕ ಸೇರಿದ ಲಕ್ಷಾಂತರ ಮಂದಿಗೆ ಇದ್ದ ತಾತ್ಕಾಲಿಕ ರಕ್ಷಣೆಯನ್ನು 2025ರಲ್ಲಿ ಟ್ರಂಪ್ ಸರ್ಕಾರ ಕಿತ್ತುಕೊಂಡಿತು. ನಿನ್ನೆ ತಟ್ಟೆ ತಂದಿಟ್ಟಾಗ 'ಎಂಥ ಸರಳ ಜನ', ಇವತ್ತು 'ಓಡಿಸಿ'. ಊಟ ಬೇಕು, ಮಾಡಿದ ಕೈ ಬೇಡ. ಅದೇ 2025ರ ಫೆಬ್ರವರಿಯಲ್ಲಿ ಕೈಗೆ ಕೋಳ ಹಾಕಿ ಅಮೃತಸರಕ್ಕೆ ತಂದಿಳಿಸಿದ್ದು ನಮ್ಮವರನ್ನೇ ಅಂತ ಸಾರ್‌ಗೆ ನೆನಪಿಲ್ಲ.

ಕೊನೆಗೆ ನಾನು ಗ್ರೂಪಿನಲ್ಲಿ ಆ ಫೋಟೋ ಕೆಳಗೆ ಎರಡೇ ಸಾಲು ಬರೆದೆ: "ಸಾರ್, ಪಕ್ಕದ ಮೇಜಿನವರ ತಟ್ಟೆಯಲ್ಲಿದ್ದದ್ದು ದೊಡ್ಡದು. ಊಟ ಚೆನ್ನಾಗಿ ಸೇರಿತಲ್ವಾ?"

ನೀಲಿ ಗೆರೆ ಒಂದೊಂದೇ ಬಂದವು. ಉತ್ತರ ಬರಲಿಲ್ಲ. ಗೌಡ್ರು ಮಾತ್ರ ರಾತ್ರಿ ಬೇರೆಯಾಗಿ ಮೆಸೇಜ್ ಮಾಡಿದರು. "ಅವತ್ತು ನಾನೂ ಸುಮ್ನೆ ಕೂತಿದ್ದೆ ಕಣಯ್ಯಾ" ಅಂತ. ಅದನ್ನು ಗ್ರೂಪಿನಲ್ಲೇ ಹೇಳಿ ಗೌಡ್ರೇ ಅಂದೆ. ಇನ್ನೂ ಹೇಳಿಲ್ಲ. ಕಾಯ್ತಿದ್ದೀನಿ.

ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು. ಹೊಸದಾಗಿ ಕೆಲಸಕ್ಕೆ ಸೇರಿದವರು, ಹಾಸ್ಟೆಲಿನಲ್ಲಿರೋರು, ಬಾಡಿಗೆ ಮನೆ ಹುಡುಕೋರು ದಿನಾ ಈ ಪ್ರಶ್ನೆ ಕೇಳಿಸಿಕೊಳ್ತೀರಿ. "ನೀವು ವೆಜ್ಜಾ?" "ಅದು ಯಾವುದು?" "ದೊಡ್ಡದಾ?" ಡಬ್ಬಿಯಲ್ಲಿ ಏನೇ ಇರಲಿ, 'ಇಲ್ಲ ಸಾರ್' ಅಂತ ಓಡಬೇಡಿ. ಬದಲಿಗೆ ಒಂದೇ ಮಾತು ಕೇಳಿ: ಈ ಪ್ರಶ್ನೆಯನ್ನು ಆ ಮೇಜಿನವರಿಗೂ ಕೇಳಿದ್ರಾ? ಮೆಟ್ಟಿಲ ಮೇಲೆ ಒಬ್ಬರೇ ಕೂತು ಉಣ್ಣಬೇಡಿ. ಇಬ್ಬರಾಗಿ, ಮೂವರಾಗಿ ಹೋಗಿ ಊಟದ ಕೋಣೆಯಲ್ಲೇ ಕೂತ್ಕೊಳ್ಳಿ. ಬಾಯಿಮಾತಿನ ಆರ್ಡರ್ ಬಂದರೆ ಬರಹದಲ್ಲಿ ಕೊಡಿ ಅಂತ ಕೇಳಿ. ನಾನು ಗುಮಾಸ್ತ, ಅನುಭವದಿಂದ ಹೇಳ್ತೀನಿ, ಇಂಥದ್ದನ್ನು ಬರಹದಲ್ಲಿ ಕೊಡೋ ಧೈರ್ಯ ಯಾವ ಸಾಹೇಬರಿಗೂ ಇಲ್ಲ.

ಮತ್ತೆ ಸಾರ್, ಈ ಪೋಸ್ಟು ನಿಮಗೆ ಯಾರಾದರೂ ಕಳಿಸ್ತಾರೆ ಅಂತ ಗೊತ್ತು. ಅವತ್ತಿನ ನನ್ನ ಉತ್ತರ ವಾಪಸ್ ತಗೋತಿದ್ದೀನಿ. ಅವತ್ತು ಕುರಿದೇ ಇತ್ತು, ನಿಜ. ಆದರೆ ನಮ್ಮ ಮನೆಯಲ್ಲಿ ದೊಡ್ಡದೂ ಬೇಯುತ್ತಿತ್ತು, ಅದನ್ನು ತಿಂದೇ ನಾನು ಓದಿ, ನಿಮ್ಮ ಎದುರು ಮೇಜಿಗೆ ಬಂದದ್ದು. ಅಮೆರಿಕದಿಂದ ವಾಪಸ್ ಬಂದ ಮೇಲೆ ಒಂದು ದಿನ ಬನ್ನಿ. ದೊಡ್ಡದು ತಿನ್ನಿ ಅನ್ನಲ್ಲ. ನಿಮಗೆ ಕಾಳಿನ ಸಾರು ಮಾಡಿಸ್ತೀನಿ. ನಾನು ಪಕ್ಕದಲ್ಲಿ ಕೂತು ನನ್ನದು ಉಣ್ತೀನಿ. ಅಲ್ಲಿ ಕೂತಷ್ಟೇ ದೂರ ಕೂತರೆ ಸಾಕು, ಅರ್ಧ ಅಡಿ.

ಜೈ ಭೀಮ್.